ಕಿಟಕಿಯ ಮೇಣದಬತ್ತಿ, ಜಗಲಿಯ ಬಾವುಟ

2015ರ ಜುಲೈ 4, ಶನಿವಾರ. ರಮಝಾನಿನ ಹದಿನೇಳನೆಯ ಉಪವಾಸ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ, ಬಾಲ್ಟಿಮೋರ್ ನಗರದ ಹೊರವಲಯದಲ್ಲಿರುವ ನನ್ನ ಆಪಾಳ ಮನೆಯ ಅಡುಗೆಮನೆಯಲ್ಲಿ ನಾನು ಸೀಖ್ ಕಬಾಬಿನ ಖೀಮಾ ಕಲಸುತ್ತಾ ನಿಂತಿದ್ದೆ. ಆಪಾಳ ಮೂರನೆಯ ಹೆರಿಗೆ ಹತ್ತಿರವಾಗಿತ್ತು. ಅಮ್ಮಿಗೆ ಮಂಡಿನೋವು, ಅಷ್ಟು ದೂರ ವಿಮಾನದಲ್ಲಿ ಕುಳಿತು ಬರುವ ಹಾಗಿರಲಿಲ್ಲ. ಹೀಗಾಗಿ ಬಾಣಂತನಕ್ಕೆಂದು ಊರಿನಿಂದ ಬಂದವಳು ನಾನು. ಅಲ್ಲಿನ ಬೇಸಿಗೆಯ ಹಗಲು ಎಷ್ಟು ಉದ್ದವೆಂದರೆ, ಬೆಳಗಿನ ಜಾವ ನಾಲ್ಕರ ಸುಮಾರಿಗೆ ಸಹರಿ ಮುಗಿಸಿದರೆ ರಾತ್ರಿ ಎಂಟೂವರೆ ದಾಟಿದ ಮೇಲೆಯೇ ಇಫ್ತಾರ್. ಉಪವಾಸವಿಲ್ಲದ ಆಪಾ ಮಾತ್ರ ಮಕ್ಕಳ ಕಣ್ಣು ತಪ್ಪಿಸಿ, ಫ್ರಿಜ್ಜಿನ ಬಾಗಿಲ ಮರೆಯಲ್ಲಿ ನಿಂತು ಏನಾದರೂ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಹೊಟ್ಟೆಯಲ್ಲಿ ಮಗುವಿದ್ದರೂ ರಮಝಾನಿನ ಹಗಲಿನಲ್ಲಿ ತಿನ್ನಲು ಅವಳಿಗೆ ನಾಚಿಕೆ.

ಅಷ್ಟರಲ್ಲಿ ಹನ್ನೊಂದು ವರ್ಷದ ಅವಳ ಮಗ ಮಹಡಿಯಿಂದ ಕೂಗಿದ: "ಅಮ್ಮೀ, ಬಾವುಟ ಎಲ್ಲಿ?"

ಆಪಾ ಮಲಗುವ ಕೋಣೆಯ ಕಪಾಟಿನ ತಳದಿಂದ ಮಲ್‌ಮಲ್ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಒಂದು ಗಂಟನ್ನು ತೆಗೆದಳು. ಒಳಗೆ ಎರಡು ಮೊಳದಷ್ಟು ಉದ್ದದ ಅಮೆರಿಕದ ಬಾವುಟ. ಕೆಂಪು ಪಟ್ಟಿ ಸ್ವಲ್ಪ ಮಾಸಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಹುಡುಗ ಅದನ್ನು ಒಯ್ದು ಮುಂಬಾಗಿಲ ಜಗಲಿಯ ಕಂಬಕ್ಕೆ ಕಟ್ಟಿದ. "ನಮ್ಮ ಮನೆಯಲ್ಲಿ ಪ್ರತಿವರ್ಷ ಇದನ್ನೇ ಕಟ್ಟುವುದು ಖಾಲಾ, ಇದು ನಮ್ಮ ಖಾನ್‌ದಾನಿನ ರಿವಾಜು" ಎಂದ. 'ಖಾನ್‌ದಾನ್' ಎಂಬ ಮಾತು ಅವನ ಅಮೆರಿಕನ್ ನಾಲಗೆಯಲ್ಲಿ ಹೊರಳಿದ ಬಗೆಗೆ ನನಗೆ ನಗು ಬಂತು. ಆಪಾ ನಗಲಿಲ್ಲ. ಏಕೆ ನಗಲಿಲ್ಲ ಎಂಬುದು ನನಗೆ ಆ ರಾತ್ರಿ ತಿಳಿಯಿತು. ಅದನ್ನು ಹೇಳುವ ಮೊದಲು ಆ ಹಬ್ಬದ ಕಥೆ ಹೇಳಬೇಕು. ಅದರಲ್ಲಿ ನಮ್ಮ ಶ್ರೀರಂಗಪಟ್ಟಣದ ಮದ್ದಿನ ಹೊಗೆಯೂ ಬೆರೆತಿದೆ.

ಜುಲೈ 4 ಎಂಬ ದಿನಾಂಕವೇ ಒಂದು ರೀತಿಯಲ್ಲಿ ಆಕಸ್ಮಿಕ. ಇಂಗ್ಲೆಂಡಿನಿಂದ ಬೇರೆಯಾಗುವುದೆಂದು ವಸಾಹತುಗಳ ಪ್ರತಿನಿಧಿಗಳು ಫಿಲಡೆಲ್ಫಿಯಾದಲ್ಲಿ ಮತ ಹಾಕಿದ್ದು 1776ರ ಜುಲೈ 2ರಂದು. ಮರುದಿನ ಜಾನ್ ಆಡಮ್ಸ್ ತಮ್ಮ ಹೆಂಡತಿ ಅಬಿಗೇಲ್‌ಗೆ ಕಾಗದ ಬರೆದು, ಜುಲೈ 2ನ್ನು ಮುಂದಿನ ತಲೆಮಾರುಗಳು ಗಂಟೆ ಬಾರಿಸಿ, ತೋಪು ಹಾರಿಸಿ, ದೀಪ ಹಚ್ಚಿ ಆಚರಿಸುತ್ತವೆ ಎಂದು ಭವಿಷ್ಯ ನುಡಿದರು. ಆಚರಣೆಯ ವಿವರಗಳೆಲ್ಲ ನಿಜವಾದವು, ದಿನ ಮಾತ್ರ ತಪ್ಪಿತು. ಘೋಷಣೆಯ ಬರಹಕ್ಕೆ ಒಪ್ಪಿಗೆ ಸಿಕ್ಕಿದ್ದು ಜುಲೈ 4ರಂದು. ಕಾಗದದ ಮೇಲೆ ಆ ದಿನಾಂಕ ಅಚ್ಚಾಗಿದ್ದರಿಂದ ಅದೇ ನಿಂತಿತು. ಹೆಚ್ಚಿನವರು ಸಹಿ ಹಾಕಿದ್ದಂತೂ ಆಗಸ್ಟ್ 2ರಂದು. ಆ ಆಡಮ್ಸ್ ಮತ್ತು ಘೋಷಣೆಯನ್ನು ಬರೆದ ಥಾಮಸ್ ಜೆಫರ್ಸನ್ ಇಬ್ಬರೂ ತೀರಿಕೊಂಡಿದ್ದು ಒಂದೇ ದಿನ, 1826ರ ಜುಲೈ 4ರಂದು. ಕಥೆಯಲ್ಲಿ ಹೀಗೆ ಬರೆದರೆ ಸಂಪಾದಕರು ಹಿಂದಿರುಗಿಸುತ್ತಾರೆ!

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ದೊಡ್ಡವರ ಕಥೆಯಲ್ಲ. ಮೊದಲನೆಯ ವಾರ್ಷಿಕೋತ್ಸವದ ರಾತ್ರಿಯ ಕಥೆ.

1777ರ ಜುಲೈ 4ರಂದು ಫಿಲಡೆಲ್ಫಿಯಾದಲ್ಲಿ ತೋಪುಗಳು ಹಾರಿದವು, ಗಂಟೆಗಳು ಮೊಳಗಿದವು, ಬಾಣಬಿರುಸು ಬಿಟ್ಟರು. ಸಂಜೆ ಮನೆಮನೆಯ ಕಿಟಕಿಗಳಲ್ಲಿ ಮೇಣದಬತ್ತಿ ಹಚ್ಚಿದರು. ಆ ನಗರದಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಗಡದವರು ಬಹಳ ಮಂದಿ ಇದ್ದರು. ಯುದ್ಧ ಮಾಡುವುದು, ಯುದ್ಧವನ್ನು ಕೊಂಡಾಡುವುದು ಅವರ ಧರ್ಮದಲ್ಲಿ ನಿಷಿದ್ಧ. ಅವರು ಇಂಗ್ಲಿಷರ ಪರವೂ ಬತ್ತಿ ಹಚ್ಚುತ್ತಿರಲಿಲ್ಲ, ಬಂಡಾಯದ ಪರವೂ ಹಚ್ಚುತ್ತಿರಲಿಲ್ಲ. ಅಂದು ರಾತ್ರಿ ಕತ್ತಲೆಯಾಗಿದ್ದ ಕಿಟಕಿಗಳಿಗೆ ಕಲ್ಲು ಬಿತ್ತು. ಎಲಿಜಬೆತ್ ಡ್ರಿಂಕರ್ ಎಂಬ ಕ್ವೇಕರ್ ಗೃಹಿಣಿ ತನ್ನ ದಿನಚರಿಯಲ್ಲಿ, ಊರು ಬೆಳಗಿದ್ದನ್ನೂ ಕಿಟಕಿಗಳು ಒಡೆದದ್ದನ್ನೂ ಒಂದೇ ಉಸಿರಿನಲ್ಲಿ ಬರೆದಿಟ್ಟಿದ್ದಾಳೆ.

ಅವಳ ಕಥೆ ಗಾಜಿಗೆ ಮುಗಿಯಲಿಲ್ಲ. ಎರಡು ತಿಂಗಳ ನಂತರ ಸೆಪ್ಟೆಂಬರಿನಲ್ಲಿ ನಗರದ ಸುಮಾರು ಇಪ್ಪತ್ತು ಮಂದಿಯನ್ನು, ಹೆಚ್ಚಿನವರು ಕ್ವೇಕರರು, ದೇಶದ್ರೋಹದ ಅನುಮಾನದ ಮೇಲೆ ಹಿಡಿದು ವಿಚಾರಣೆಯಿಲ್ಲದೆ ದೂರದ ವರ್ಜೀನಿಯಾಕ್ಕೆ ಸಾಗಿಸಿದರು. ಅವರಲ್ಲಿ ಎಲಿಜಬೆತ್‌ಳ ಗಂಡ ಹೆನ್ರಿಯೂ ಇದ್ದ. ಇಬ್ಬರು ಅಲ್ಲೇ ಸತ್ತರು. ಕೊನೆಗೆ 1778ರ ಏಪ್ರಿಲ್‌ನಲ್ಲಿ ಎಲಿಜಬೆತ್ ಮತ್ತು ಇನ್ನೂ ಮೂವರು ಹೆಂಗಸರು ಗಾಡಿ ಕಟ್ಟಿಸಿಕೊಂಡು, ಎರಡೂ ಸೈನ್ಯಗಳ ನಡುವಿನ ದಾರಿಯಲ್ಲಿ ಹೊರಟು, ವ್ಯಾಲಿ ಫೋರ್ಜ್ ಶಿಬಿರದಲ್ಲಿ ಜಾರ್ಜ್ ವಾಷಿಂಗ್ಟನ್ನರನ್ನೇ ಕಂಡರು. ವಾಷಿಂಗ್ಟನ್ ಊಟಕ್ಕೆ ಕೂರಿಸಿದರು, ಬಿಡುಗಡೆ ತಮ್ಮ ಕೈಯಲ್ಲಿಲ್ಲ ಎಂದರು, ಮುಂದೆ ಹೋಗಲು ರಹದಾರಿ ಕೊಟ್ಟರು. ಆ ತಿಂಗಳೇ ಉಳಿದವರು ಮನೆಗೆ ಬಂದರು. ಸ್ವಾತಂತ್ರ್ಯ ಹುಟ್ಟಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ.

ಇನ್ನು ಮೈಸೂರಿನ ಮಾತು.

ಎಲಿಜಬೆತ್ ಡ್ರಿಂಕರ್‌ಳ ಅದೇ ಫಿಲಡೆಲ್ಫಿಯಾದಲ್ಲಿ 1782ರಲ್ಲಿ ವ್ಯಾಪಾರಿಗಳು ಸೇರಿ, ಇಂಗ್ಲಿಷ್ ಹಡಗುಗಳಿಂದ ತಮ್ಮ ಸರಕನ್ನು ಕಾಯಲು ಒಂದು ಹಡಗಿಗೆ ತೋಪುಗಳನ್ನು ಜೋಡಿಸಿದರು. ಅದರ ಹೆಸರು 'ಹೈದರ್ ಅಲಿ'. ನಮ್ಮ ಹೈದರಲಿಯೇ! 1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೇಲಿಯ ಪಡೆಯನ್ನು ಪುಡಿಗಟ್ಟಿದ್ದರು. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಗೋಡೆಯ ಮೇಲೆ ಇಂದಿಗೂ ಆ ಯುದ್ಧದ ಚಿತ್ರ ನೋಡಬಹುದು. ಇಂಗ್ಲಿಷರನ್ನು ಸೋಲಿಸಿದವನೆಂಬ ಕೀರ್ತಿ ಸಾಗರ ದಾಟಿ ಅಮೆರಿಕದ ಬಂದರಿಗೂ ಮುಟ್ಟಿತ್ತು. 1782ರ ಏಪ್ರಿಲ್ 8ರಂದು ಜೋಶುವಾ ಬಾರ್ನಿ ಎಂಬ ಇಪ್ಪತ್ತೆರಡರ ಕಪ್ತಾನ, ಡೆಲವೇರ್ ಕೊಲ್ಲಿಯಲ್ಲಿ 'ಹೈದರ್ ಅಲಿ'ಯಿಂದ ತನಗಿಂತ ಬಲವಾದ 'ಜನರಲ್ ಮಾಂಕ್' ಎಂಬ ಇಂಗ್ಲಿಷ್ ಯುದ್ಧನೌಕೆಯನ್ನು ಸೆರೆಹಿಡಿದ. ಫಿಲಿಪ್ ಫ್ರೆನೋ ಎಂಬ ಕವಿ ಅದರ ಮೇಲೆ ಪದ್ಯವನ್ನೂ ಬರೆದ. ಅದೇ ವರ್ಷದ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ.

ಯಾರ್ಕ್‌ಟೌನ್‌ನಲ್ಲಿ 1781ರಲ್ಲಿ ವಾಷಿಂಗ್ಟನ್ನರಿಗೆ ಶರಣಾದ ಇಂಗ್ಲಿಷ್ ದಂಡನಾಯಕ ಕಾರ್ನ್‌ವಾಲಿಸನ ಹೆಸರು ಅಮೆರಿಕದ ಮಕ್ಕಳಿಗೆಲ್ಲ ಗೊತ್ತು. ಅವನು ಅಲ್ಲಿಂದ ಎಲ್ಲಿಗೆ ಹೋದ ಎಂದು ಆಪಾಳ ಮಗನನ್ನು ಕೇಳಿದೆ. ಗೊತ್ತಿರಲಿಲ್ಲ. ಅಲ್ಲಿ ಸೋತವನನ್ನು ಇಂಗ್ಲೆಂಡಿನವರು 1786ರಲ್ಲಿ ನಮ್ಮಲ್ಲಿಗೆ ಗವರ್ನರ್ ಜನರಲ್ ಮಾಡಿ ಕಳಿಸಿದರು. 1791ರ ಮಾರ್ಚಿನಲ್ಲಿ ಬೆಂಗಳೂರು ಕೋಟೆ ಹಿಡಿದವನು ಅವನೇ. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಟಿಪ್ಪುವಿನ ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯ ದಂಡವನ್ನೂ, ಅದು ಸಲ್ಲುವ ತನಕ ಇನ್ನೂ ಆಟವಾಡುವ ವಯಸ್ಸಿನ ಅಬ್ದುಲ್ ಖಾಲಿಕ್ ಮತ್ತು ಮುಯಿಝುದ್ದೀನರನ್ನು ಒತ್ತೆಯಾಗಿಯೂ ತೆಗೆದುಕೊಂಡವನೂ ಅವನೇ. ಆ ಮಕ್ಕಳು ಮರಳಿದ್ದು 1794ರಲ್ಲಿ. ಇದನ್ನು ಹೇಳಿದಾಗ ಹುಡುಗ ಬಹಳ ಹೊತ್ತು ಸುಮ್ಮನಿದ್ದು, "ಅವರ ಅಮ್ಮಿ ಎಲ್ಲಿದ್ದರು?" ಎಂದು ಕೇಳಿದ. ನಾನು ಓದಿದ ಯಾವ ಪಾಠದಲ್ಲೂ ಆ ಪ್ರಶ್ನೆ ಇರಲಿಲ್ಲ.

ಬಾಲ್ಟಿಮೋರಿನ ಬಂದರಿನ ಬಾಯಲ್ಲಿ ಮೆಕ್‌ಹೆನ್ರಿ ಎಂಬ ಕೋಟೆಯಿದೆ. ನಕ್ಷತ್ರದ ಆಕಾರದ ಇಟ್ಟಿಗೆಯ ಕೋಟೆ. ಹಬ್ಬದ ಹಿಂದಿನ ವಾರ ದುಲ್ಹಾಭಾಯಿ ನಮ್ಮನ್ನೆಲ್ಲ ಅಲ್ಲಿಗೆ ಕರೆದೊಯ್ದಿದ್ದರು. 1814ರ ಸೆಪ್ಟೆಂಬರ್ 13 ಮತ್ತು 14ರಂದು ಇಂಗ್ಲಿಷ್ ನೌಕಾಪಡೆ ಇಪ್ಪತ್ತೈದು ಗಂಟೆಗಳ ಕಾಲ ಇದರ ಮೇಲೆ ಬಾಂಬು, ರಾಕೆಟ್ಟು ಸುರಿಸಿತು. ಕೋಟೆ ಬೀಳಲಿಲ್ಲ. ಬೆಳಗಾದಾಗ ಬಾವುಟ ಹಾರುತ್ತಿದ್ದುದನ್ನು ದೂರದ ಹಡಗಿನಿಂದ ನೋಡಿದ ಫ್ರಾನ್ಸಿಸ್ ಸ್ಕಾಟ್ ಕೀ ಎಂಬ ವಕೀಲ ಬರೆದ ಪದ್ಯವೇ 1931ರಲ್ಲಿ ಅಮೆರಿಕದ ರಾಷ್ಟ್ರಗೀತೆಯಾಯಿತು. ಅದರಲ್ಲಿ ರಾಕೆಟ್ಟುಗಳ ಕೆಂಪು ಬೆಳಕಿನ ಪ್ರಸ್ತಾಪ ಬರುತ್ತದೆ.

ಆ ರಾಕೆಟ್ಟುಗಳು ಎಲ್ಲಿಂದ ಬಂದವು? ಬಾಣಬಿರುಸನ್ನು ಚೀನಾದವರೂ ಅರಬರೂ ಯುರೋಪಿನವರೂ ಬಲ್ಲವರಾಗಿದ್ದರು. ಆದರೆ ಕಾಗದ, ಬಿದಿರಿನ ಕೊಳವೆಯ ಬದಲು ಕಬ್ಬಿಣದ ಕೊಳವೆಗೆ ಮದ್ದು ತುಂಬಿ, ಅದನ್ನು ಉದ್ದನೆಯ ಬಿದಿರ ಗಳುವಿಗೋ ಕತ್ತಿಯ ಅಲಗಿಗೋ ಬಿಗಿದು ಪಡೆಗಟ್ಟಲೆ ಹಾರಿಸಿದವರು ಮೈಸೂರಿನವರು. ಕಬ್ಬಿಣದ ಕೊಳವೆ ಹೆಚ್ಚು ಒತ್ತಡವನ್ನು ತಾಳುತ್ತದೆ, ಹಾಗಾಗಿ ರಾಕೆಟ್ ದೂರ ಹೋಗುತ್ತದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಇವು ಇಂಗ್ಲೆಂಡಿನ ವುಲಿಚ್‌ಗೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ಅವುಗಳನ್ನು ನೋಡಿ, ತಿದ್ದಿ, ತನ್ನ ಹೆಸರಿನ ರಾಕೆಟ್ ಮಾಡಿದ. 1807ರಲ್ಲಿ ಕೋಪನ್‌ಹೇಗನ್ ನಗರ ಅವುಗಳಿಗೆ ಉರಿಯಿತು. 1814ರಲ್ಲಿ ಬಾಲ್ಟಿಮೋರಿನ ಮೇಲೆ ಹಾರಿದವೂ ಅವೇ.

ಇಲ್ಲಿ ಇತಿಹಾಸದ ಒಂದು ವಿಚಿತ್ರವಿದೆ. ಬಾಲ್ಟಿಮೋರಿಗೆ ಮೂರು ವಾರ ಮೊದಲು, ಆಗಸ್ಟ್ 24ರಂದು, ವಾಷಿಂಗ್ಟನ್ ಬಳಿಯ ಬ್ಲೇಡೆನ್ಸ್‌ಬರ್ಗಿನಲ್ಲಿ ಯುದ್ಧವಾಯಿತು. ಕಾಂಗ್ರೀವ್ ರಾಕೆಟ್ಟುಗಳು ಹಾರಿದವು. ಅನುಭವವಿಲ್ಲದ ಅಮೆರಿಕನ್ ಪಡೆಗಳು ಓಡಿಹೋದವು, ಕೊನೆಯವರೆಗೆ ನಿಂತದ್ದು ಒಬ್ಬ ಮುದಿ ಕಪ್ತಾನನ ನಾವಿಕರು. ಗಾಯಗೊಂಡು ಸೆರೆಸಿಕ್ಕ ಆ ಕಪ್ತಾನನೇ ಜೋಶುವಾ ಬಾರ್ನಿ. ಹರೆಯದಲ್ಲಿ 'ಹೈದರ್ ಅಲಿ' ಎಂಬ ಹಡಗು ನಡೆಸಿದವನು ಐವತ್ತೈದರ ವಯಸ್ಸಿನಲ್ಲಿ ಹೈದರಲಿಯ ರಾಕೆಟ್ಟಿನ ಮೊಮ್ಮಕ್ಕಳ ಎದುರು ನಿಂತಿದ್ದ. ಅದು ಅವನಿಗೆ ಗೊತ್ತಿತ್ತೋ ಇಲ್ಲವೋ!

ಡಾ. ಅಬ್ದುಲ್ ಕಲಾಂ ತಮ್ಮ ಆತ್ಮಕಥೆಯಲ್ಲಿ ಒಂದು ಪ್ರಸಂಗ ಹೇಳುತ್ತಾರೆ. 1960ರ ದಶಕದ ಆರಂಭದಲ್ಲಿ ತರಬೇತಿಗೆಂದು ಅಮೆರಿಕಕ್ಕೆ ಹೋಗಿದ್ದಾಗ, ನಾಸಾದ ವಾಲಪ್ಸ್ ಕೇಂದ್ರದ ಸ್ವಾಗತ ಕೋಣೆಯಲ್ಲಿ ರಾಕೆಟ್ ಹಾರಿಸುವ ಕಂದುಬಣ್ಣದ ಸೈನಿಕರ ಚಿತ್ರವೊಂದನ್ನು ಕಂಡರು. ಹತ್ತಿರ ಹೋಗಿ ನೋಡಿದರೆ ಅದು ಇಂಗ್ಲಿಷರ ಮೇಲೆ ಹೋರಾಡುತ್ತಿರುವ ಟಿಪ್ಪುವಿನ ಪಡೆ. ಟಿಪ್ಪುವನ್ನು ಅವನ ನಾಡಿನವರೇ ಮರೆತಿರುವಾಗ ಭೂಮಿಯ ಆ ಮಗ್ಗುಲಲ್ಲಿ ನೆನೆದಿದ್ದಾರಲ್ಲ ಎಂದು ಅವರಿಗೆ ಅನ್ನಿಸಿತಂತೆ. ಟಿಪ್ಪುವಿನ ಹೆಸರೆತ್ತಿದರೆ ಜಗಳವಾಗುವ ನಮ್ಮ ಈ ಕಾಲದಲ್ಲಿ ಆ ಪುಟವನ್ನು ಓದುವಾಗ ಬೇರೆಯೇ ರೀತಿಯಲ್ಲಿ ಮನಸ್ಸಿಗೆ ತಾಕುತ್ತದೆ.

ಕೋಟೆಯಲ್ಲಿ ಬಂದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಆ ಹಳೆಯ ಬಾವುಟದಷ್ಟೇ ದೊಡ್ಡದಾದ ಒಂದು ಮಾದರಿಯನ್ನು ಬಿಚ್ಚಿ ಹಿಡಿಸುತ್ತಾರೆ. ನನ್ನ ಕೈಗೂ ಒಂದು ಅಂಚು ಬಂತು. 42 ಅಡಿ ಉದ್ದ, 30 ಅಡಿ ಅಗಲ. ಮೂಲ ಬಾವುಟವನ್ನು 1813ರಲ್ಲಿ ಹೊಲಿದವಳು ಮೇರಿ ಪಿಕರ್ಸ್‌ಗಿಲ್ ಎಂಬ ವಿಧವೆ. ಮಗಳು, ಸೋದರ ಸೊಸೆಯಂದಿರು, ಹಾಗೂ ಗ್ರೇಸ್ ವಿಷರ್ ಎಂಬ, ಕರಾರಿನ ಮೇಲೆ ದುಡಿಯುತ್ತಿದ್ದ ಹದಿಮೂರರ ಆಸುಪಾಸಿನ ಕಪ್ಪು ಹುಡುಗಿ ಅವಳ ಮನೆಯಲ್ಲಿದ್ದರು. ಮನೆಯಲ್ಲಿ ಬಟ್ಟೆ ಹರಡಲು ಜಾಗ ಸಾಲದೆ ಹತ್ತಿರದ ಬಿಯರ್ ತಯಾರಿಕೆಯ ಕಟ್ಟಡದ ನೆಲದ ಮೇಲೆ ಹಾಸಿ ಹೊಲಿದರಂತೆ. ಗ್ರೇಸ್‌ಳ ಹೆಸರನ್ನು ಬಹಳ ಕಾಲ ಯಾರೂ ಹೇಳುತ್ತಿರಲಿಲ್ಲ. ಯುದ್ಧದ ನಂತರ ಆ ಬಾವುಟ ಕೋಟೆಯ ಅಧಿಕಾರಿ ಆರ್ಮಿಸ್ಟೆಡ್‌ನ ಮನೆ ಸೇರಿತು. ಸುಮಾರು 90 ವರ್ಷ ಆ ಕುಟುಂಬದವರು ಅದನ್ನು ಮನೆಯ ಸೊತ್ತಾಗಿ ಇಟ್ಟುಕೊಂಡರು. ಕೇಳಿದವರಿಗೆ, ಬೇಕಾದವರಿಗೆ ಒಂದೊಂದು ತುಂಡು ಕತ್ತರಿಸಿ ಕೊಟ್ಟರು. ಒಂದು ನಕ್ಷತ್ರವನ್ನೂ ಕೊಟ್ಟರು! ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿ ಈಗ ಇರುವ ಬಾವುಟದಲ್ಲಿ ಸುಮಾರು ಎಂಟು ಅಡಿ ಬಟ್ಟೆ ಇಲ್ಲ.

ಆಪಾಳ ಹಿತ್ತಲಿನಲ್ಲಿ ಅಂದು ಊಟದ ಕಾಗದದ ತಟ್ಟೆಗಳ ಮೇಲೂ ಬಾವುಟ, ಕೈಯೊರೆಸುವ ಕಾಗದದ ಮೇಲೂ ಬಾವುಟ. ಪಕ್ಕದ ಮನೆಯ ಹುಡುಗ ತೊಟ್ಟ ಚಡ್ಡಿಯ ಮೇಲೂ ನಕ್ಷತ್ರ, ಪಟ್ಟಿ. ಮಕ್ಕಳು ಕಬಾಬು ತಿಂದ ತಟ್ಟೆಯನ್ನು ಮಡಿಸಿ ಕಸದ ಡಬ್ಬಿಗೆ ಹಾಕಿದಾಗ ನನ್ನ ಕೈ ತಾನಾಗಿ ಮುಂದೆ ಹೋಯಿತು. ಆಪಾ ನನ್ನನ್ನು ನೋಡಿದಳು. ಇಬ್ಬರಿಗೂ ಒಂದೇ ನೆನಪು.

ಮಲೆನಾಡಿನ ನಮ್ಮ ತಾಲ್ಲೂಕು ಕೇಂದ್ರದಲ್ಲಿ ಆಗಸ್ಟ್ 15 ಎಂದರೆ ಮಳೆ. ಹಿಂದಿನ ರಾತ್ರಿ ಅಮ್ಮಿ ಮೈದಾ ಕಾಯಿಸಿ ಅಂಟು ಮಾಡುತ್ತಿದ್ದಳು. ಜಿರಲೆ ಮುಟ್ಟದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತು. ನಾವು ಮಕ್ಕಳೆಲ್ಲ ಚಾಪೆಯ ಮೇಲೆ ಕುಳಿತು, ಅಬ್ಬಾ ತಂದ ಕಾಗದದ ಬಾವುಟಗಳನ್ನು ಹುರಿದಾರಕ್ಕೆ ಅಂಟಿಸುತ್ತಿದ್ದೆವು. ಕೇಸರಿ ಮೇಲೆ, ಹಸಿರು ಕೆಳಗೆ. ತಲೆಕೆಳಗಾಗಿ ಅಂಟಿಸಿದವರ ಬೆರಳಿಗೆ ಅಬ್ಬಾರ ಕಟ್ಟಿಗೆಯ ಅಳತೆಪಟ್ಟಿಯ ಏಟು. ಬೆಳಿಗ್ಗೆ ಅಂಗಡಿಯ ಮುಂದಿನಿಂದ ಮನೆಯ ಜಗಲಿಯ ತನಕ ತೋರಣ. ಎಂಟು ಗಂಟೆಯೊಳಗೆ ಮಳೆ ಬಂದು ಬಣ್ಣವೆಲ್ಲ ಕಲಸಿ, ಜಗಲಿಯ ಗೋಡೆಗೆ ಹಸಿರು ನೀರು ಇಳಿಯುತ್ತಿತ್ತು. ಸಂಜೆ ಅಬ್ಬಾ ನಮ್ಮಿಬ್ಬರ ಕೈಗೆ ಬಿದಿರಬುಟ್ಟಿ ಕೊಟ್ಟು ಪೇಟೆಬೀದಿಗೆ ಕಳಿಸುತ್ತಿದ್ದರು. ಕೆಸರಿನಲ್ಲಿ ಬಿದ್ದ ಕಾಗದದ ಬಾವುಟಗಳನ್ನೆಲ್ಲ, ನಮ್ಮದಿರಲಿ ಬೇರೆಯವರದಿರಲಿ, ಯಾರೂ ತುಳಿಯುವ ಮೊದಲು ಆರಿಸಿ ತರಬೇಕು. ಅದು ನಮ್ಮ ಕೆಲಸ. ಆಗ ಜನಸಾಮಾನ್ಯರು ಬೇಕೆಂದಾಗ ಮನೆಯ ಮೇಲೆ ಬಟ್ಟೆಯ ಬಾವುಟ ಹಾರಿಸುವಂತಿರಲಿಲ್ಲ. ಆ ಅವಕಾಶ ಬಂದದ್ದು 2002ರ ಜನವರಿ 26ರಿಂದ. ಹಾಗಾಗಿ ನಮ್ಮ ದೇಶಭಕ್ತಿಯೆಲ್ಲ ಕಾಗದದ್ದು.

ತಾಲ್ಲೂಕು ಮೈದಾನದಲ್ಲಿ ಎಲ್ಲ ಶಾಲೆಗಳ ಮಕ್ಕಳೂ ಸೇರುತ್ತಿದ್ದೆವು. ಉರ್ದು ಶಾಲೆಯವರಾದ ನಾವು ಸಾಲಿನ ಕೊನೆಗೆ. ಇಕ್ಬಾಲರು 1904ರಲ್ಲಿ ಬರೆದ ತರಾನಾ ನಮ್ಮ ಪಾಲಿನ ಹಾಡು. ನಮ್ಮ ಉಸ್ತಾದರು ಹಾಡಿನ ಮೊದಲು ಪ್ರತಿಸಲವೂ ಒಂದೇ ಮಾತು ಹೇಳುತ್ತಿದ್ದರು: "ಜೋರಾಗಿ ಹಾಡಬೇಕು, ವೇದಿಕೆಗೆ ಕೇಳಿಸಬೇಕು." ಕನ್ನಡ ಶಾಲೆಯ ಗೆಳತಿಯರನ್ನು ಕೇಳಿದೆ, ಅವರ ಮೇಷ್ಟ್ರು ಹಾಗೆ ಹೇಳುತ್ತಿರಲಿಲ್ಲವಂತೆ. ಅವರು ಶ್ರುತಿಯಲ್ಲಿ ಹಾಡಿದರೆ ಸಾಕಿತ್ತು. ಹಾಗೆಂದು ಆ ದಿನ ನನಗೆ ಕಹಿ ಎಂದು ಯಾರೂ ತಿಳಿಯಬಾರದು. ಪೊಟ್ಟಣದ ಬೂಂದಿಯ ರುಚಿ, ಒದ್ದೆ ಬಿಳಿ ಸಮವಸ್ತ್ರ, ಹಾಡಿ ಹಾಡಿ ಕಟ್ಟಿದ ಗಂಟಲು. ಇವತ್ತಿಗೂ ಆಗಸ್ಟ್ ತಿಂಗಳ ಮಳೆಗೆ ನನಗೆ ಬೂಂದಿಯ ವಾಸನೆ ಬರುತ್ತದೆ.

ಹಬ್ಬದ ಸಾಲಿನ ಕೊನೆಗೆ ನಿಂತವರ ಚರಿತ್ರೆ ಅಮೆರಿಕದಲ್ಲೂ ಉದ್ದವಾಗಿದೆ. ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1827ರ ಜುಲೈ 4ರಂದು. ಆದರೆ ಅಲ್ಲಿನ ಕಪ್ಪುಜನ ಮೆರವಣಿಗೆ ಹೊರಟದ್ದು ಜುಲೈ 5ರಂದು. ನಾಲ್ಕರಂದು ಬೀದಿಗಿಳಿದರೆ ಕುಡಿದ ಬಿಳಿಯರ ಕೈಗೆ ಸಿಕ್ಕುವ ಭಯ ಒಂದು ಕಡೆ, ಆ ದಿನ ತಮ್ಮದಲ್ಲ ಎಂಬ ಸ್ವಾಭಿಮಾನ ಇನ್ನೊಂದು ಕಡೆ. 1852ರಲ್ಲಿ ರೋಚೆಸ್ಟರ್ ನಗರದ ಸಭೆಯೊಂದರಲ್ಲಿ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ದೊಡ್ಡ ವಾಗ್ಮಿಯಾಗಿದ್ದ ಫ್ರೆಡರಿಕ್ ಡಗ್ಲಾಸ್ ಭಾಷಣ ಮಾಡಿದ. ಅದೂ ಜುಲೈ 5ರಂದೇ. ನಿಮ್ಮ ಈ ಹಬ್ಬ ಒಬ್ಬ ಗುಲಾಮನಿಗೆ ಏನು ಎಂದು ತನ್ನನ್ನು ಕರೆಸಿದವರ ಮುಖಕ್ಕೇ ಕೇಳಿದ. ಆದರೆ ಘೋಷಣೆಯ ಮಾತನ್ನು ಅವನು ಹರಿದು ಹಾಕಲಿಲ್ಲ. ಆ ಮಾತಿಗೆ ನಿಲ್ಲಿ ಎಂದ.

1870ರಲ್ಲಿ ಅದು ಸರಕಾರಿ ರಜೆಯಾಯಿತು. ಅನಂತರ ಹಬ್ಬ ಮಕ್ಕಳ ಕೈಗೆ ಬಂತು, ಪಟಾಕಿಯ ರೂಪದಲ್ಲಿ. ಆಟದ ಪಿಸ್ತೂಲು, ಖಾಲಿ ತೋಟಾ, ಸುಟ್ಟ ಅಂಗೈ, ಅದಕ್ಕೆ ಅಂಟಿದ ಬೀದಿಯ ಮಣ್ಣು, ಧನುರ್ವಾಯು. ಅಲ್ಲಿನ ವೈದ್ಯರ ಸಂಘ 1903ರಲ್ಲಿ ಲೆಕ್ಕ ಹಾಕಿದಾಗ ಒಂದೇ ಹಬ್ಬಕ್ಕೆ ನಾನೂರಕ್ಕೂ ಹೆಚ್ಚು ಸಾವು, ಬಹುಪಾಲು ಧನುರ್ವಾಯುವಿನಿಂದ. ತಾಯಂದಿರೂ ವೈದ್ಯರೂ ಸೇರಿ ದೊಡ್ಡ ಚಳವಳಿಯನ್ನೇ ನಡೆಸಿದರು. ಊರಿಗೊಂದು ಜಾಗದಲ್ಲಿ, ಬಲ್ಲವರ ಕೈಯಿಂದ ಬಾಣಬಿರುಸು ಬಿಡಿಸುವ ಈಗಿನ ಪದ್ಧತಿ ಬಲವಾಗಿ ಬೇರೂರಿದ್ದು ಆ ಮೇಲೆಯೇ.

ನಾವೂ ಅಂತಹ ಒಂದು ಮೈದಾನಕ್ಕೆ ಹೋದೆವು. ಬಾಣಬಿರುಸು ಒಂಬತ್ತೂವರೆಗೆ. ಎಂಟೂ ಮೂವತ್ತೇಳಕ್ಕೆ ದುಲ್ಹಾಭಾಯಿ ಮೊಬೈಲಿನಲ್ಲಿ ಹೊತ್ತು ನೋಡಿ ತಲೆಯಾಡಿಸಿದರು. ಖರ್ಜೂರ, ಕಲ್ಲಂಗಡಿ, ಫ್ಲಾಸ್ಕಿನಲ್ಲಿ ತಂದ ರೂಹ್ ಅಫ್ಝಾ. ಹಾಸಿದ ಬೆಡ್‌ಶೀಟಿನ ಅಂಚಿನಲ್ಲೇ ಮಗ್ರಿಬ್. ಆಚೆ ಈಚೆ ಕುರ್ಚಿ ಹಾಕಿ ಕುಳಿತಿದ್ದ ಕುಟುಂಬಗಳು ಒಂದು ಕ್ಷಣ ನೋಡಿ ಮತ್ತೆ ತಮ್ಮ ಮಾತಿಗೆ ಹೊರಳಿದವು. ಮೊದಲ ರಾಕೆಟ್ ಮೇಲೇರಿದಾಗ ಎಂಟು ವರ್ಷದ ಸೊಸೆ ನನ್ನ ದುಪಟ್ಟಾದೊಳಗೆ ಮುಖ ಹುದುಗಿಸಿದಳು. "ಹೆದರಬೇಡ, ನಮ್ಮ ಊರಿನ ಕಡೆಯದು" ಎಂದೆ. ತರಾವೀಹ್ ತಪ್ಪುತ್ತದೆಂದು ದುಲ್ಹಾಭಾಯಿ ಗಡಿಯಾರ ನೋಡುತ್ತಿದ್ದರು, ಮಕ್ಕಳು ಕೊನೆಯ ಬಾಣ ಮುಗಿಯದೆ ಏಳಲಿಲ್ಲ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಆಪಾ ಜಗಲಿಯ ಬಾವುಟ ಬಿಚ್ಚಿ ತಂದು ಮಡಿಸತೊಡಗಿದಳು. ಆಗ ಹೇಳಿದಳು. ಅವರು ಆ ದೇಶಕ್ಕೆ ಹೋಗಿ ಒಂದೂವರೆ ವರ್ಷ ಆಗಿತ್ತಷ್ಟೆ, 2001ರ ಸೆಪ್ಟೆಂಬರ್. ಕಟ್ಟಡಗಳು ಉರುಳಿದ ಮೂರನೆಯ ದಿನ ಎದುರುಮನೆಯ ಮುದುಕಿ, ನಿವೃತ್ತ ಶಾಲಾ ಶಿಕ್ಷಕಿ, ಬಾಗಿಲು ತಟ್ಟಿದಳು. ಕೈಯಲ್ಲಿ ಈ ಬಾವುಟ. ಇದನ್ನು ಮುಂದೆ ಕಟ್ಟಿಕೊಳ್ಳಿ, ನಾಲ್ಕು ದಿನ ತಲೆಯ ಮೇಲಿನ ಬಟ್ಟೆ ಕಾಣದ ಹಾಗೆ ಓಡಾಡು ಮಗಳೇ ಎಂದಳಂತೆ. ಅವಳ ಕಣ್ಣಲ್ಲಿ ನೀರಿತ್ತಂತೆ. ಆಪಾ ಬಾವುಟ ಕಟ್ಟಿದಳು. ತಲೆಯ ಬಟ್ಟೆ ತೆಗೆಯಲಿಲ್ಲ, ಬದಲಿಗೆ ಹದಿನೈದು ದಿನ ಹೊರಗೇ ಹೋಗಲಿಲ್ಲ.

"ಮಗನಿಗೆ ಹೇಳಿದ್ದೀಯಾ?" ಎಂದೆ.

"ಏನೆಂದು ಹೇಳಲಿ? ಅವನು ಸಂತೋಷದಿಂದ ಕಟ್ಟುತ್ತಾನೆ. ನಾನು ಕಟ್ಟಿದ್ದು ಹಾಗಲ್ಲ ಎಂದು ಹೇಳಿ ಅವನ ಸಂತೋಷ ಕೆಡಿಸಲಾ?" ಮಲ್‌ಮಲ್ ಬಟ್ಟೆಗೆ ಗಂಟು ಹಾಕುತ್ತಾ ಮತ್ತೆ ಹೇಳಿದಳು, "ಈಗೀಗ ನನಗೂ ಸಂತೋಷವೇ ಅನ್ನು. ಎರಡೂ ಬೇರೆ ಮಾಡಲು ಬರುವುದಿಲ್ಲ."

ನನಗೆ ಎಲಿಜಬೆತ್ ಡ್ರಿಂಕರ್ ನೆನಪಾದಳು. ಅವಳು ಬತ್ತಿ ಹಚ್ಚಲಿಲ್ಲ. ಕಲ್ಲಿನ ಭಯಕ್ಕೆ ಹಚ್ಚಿದವರೂ ಆ ಬೀದಿಯಲ್ಲಿ ಇದ್ದಿರಬೇಕು. ಅವರ ಮೊಮ್ಮಕ್ಕಳು ಪ್ರತಿವರ್ಷ ಅದೇ ಕಿಟಕಿಯಲ್ಲಿ ಸಂಭ್ರಮದಿಂದ ಹಚ್ಚಿರಬೇಕು. ದಿನಚರಿಗಳಲ್ಲಿ ಅಂಥವರ ಹೆಸರು ಸಿಗುವುದಿಲ್ಲ.

ಊರಿಗೆ ಮರಳಿದ ಮೇಲೆ ಅಮ್ಮಿಯನ್ನು ಕೇಳಿದೆ, ನಮ್ಮ ಜಗಲಿಯ ತೋರಣ ಶುರುವಾದದ್ದು ಯಾವಾಗ? ಅಮ್ಮಿ ಹುಣಸೆಹಣ್ಣು ಬಿಡಿಸುತ್ತಿದ್ದಳು. "ನಿಮ್ಮ ದಾದಾ ಶುರು ಮಾಡಿದ್ದಂತೆ, ಹೈದರಾಬಾದ್ ಗಲಾಟೆಯ ವರ್ಷ" ಎಂದಳು. ಅಂದರೆ 1948. "ಹೆದರಿ ಕಟ್ಟಿದರಾ, ಖುಷಿಗೆ ಕಟ್ಟಿದರಾ?" ಎಂದೆ. "ನನಗೆ ಹೇಗೆ ಗೊತ್ತು? ನಾನು ಈ ಮನೆಗೆ ಬರುವ ಹೊತ್ತಿಗೆ ಅದು ರಿವಾಜು ಆಗಿತ್ತು. ಅಂಟು ಹದವಾಗಿ ಕಾಯಿಸದಿದ್ದರೆ ನಿಮ್ಮ ದಾದಿ ಬಯ್ಯುತ್ತಿದ್ದರು, ಅಷ್ಟು ಗೊತ್ತು."

2018ರಲ್ಲಿ ನಮ್ಮದೇ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರದಲ್ಲಿ, ಹಿಂದಿನ ಬಿದನೂರಿನಲ್ಲಿ, ಬತ್ತಿದ ಬಾವಿಯೊಂದನ್ನು ಅಗೆದಾಗ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕವು. ಬಾವಿಯ ಮಣ್ಣಿಗೆ ಇನ್ನೂ ಮದ್ದಿನ ವಾಸನೆಯಿತ್ತು ಎಂದು ಪತ್ರಿಕೆಗಳಲ್ಲಿ ಬಂತು. ಅದೂ ಜುಲೈ ತಿಂಗಳಲ್ಲೇ. ಗೇಣಿಗಿಂತ ಸ್ವಲ್ಪ ಉದ್ದದ, ತುಕ್ಕು ತಿಂದ ಕೊಳವೆಗಳ ರಾಶಿಯ ಚಿತ್ರವನ್ನು ಆಪಾಳ ಮಗನಿಗೆ ಕಳಿಸಿದೆ. ಹದಿನಾಲ್ಕು ತುಂಬಿದ ಹುಡುಗ ಎರಡು ದಿನ ಉತ್ತರ ಕೊಡಲಿಲ್ಲ. ಮೂರನೆಯ ದಿನ ಒಂದು ಚಿತ್ರ ಬಂತು. ಅವರ ಜಗಲಿಯ ಕಂಬ, ಹಳೆಯ ಬಾವುಟ, ಅದರ ಕೆಳಗೆ 2015ರಲ್ಲಿ ಹುಟ್ಟಿದ ಪುಟ್ಟ ತಂಗಿ ಕಲ್ಲಂಗಡಿಯ ಹೋಳು ಹಿಡಿದು ನಿಂತಿದ್ದಾಳೆ. ಕೆಳಗೆ ಬರೆದಿದ್ದ: ಈ ವರ್ಷ ಇವಳು ಕಟ್ಟಿದಳು ಖಾಲಾ, ತಲೆಕೆಳಗಾಗಿ ಕಟ್ಟಿದ್ದಳು, ಅಮ್ಮಿ ಸರಿ ಮಾಡಿದರು.